ಅಕ್ಕ ತಂದ ಉಪ್ಪು

ಬೀಗ ರಿಪೇರಿಯವನು ತೀರಿಕೊಂಡನೆಂದು ಹೇಳಲು ಡಾಕ್ಟರು ಬೆಳಗ್ಗೆ ಹೊರಗೆ ಬಂದಾಗ, ಅವನ ಹೆಂಡತಿ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ವಾರ್ಡಿನ ಬೆಂಚಿನಲ್ಲಿ ಕೂತಿದ್ದಳು. ಮನೆಯಿಂದ ತಂದ ಗಂಜಿ ಇನ್ನೂ ಬಿಸಿಯಾಗಿತ್ತು.

ಡಾಕ್ಟರು ವಿಷಯ ತಿಳಿಸಿ, ಮೆಲ್ಲಗೆ ಕೇಳಿದರು. "ಅಮ್ಮಾ, ಕಿಡ್ನಿ ಕೆಟ್ಟವರ ರಕ್ತದಲ್ಲಿ ಪೊಟ್ಯಾಸಿಯಂ ಏರಬಾರದು. ಏರಿದ್ರೆ ಹೃದಯ ನಿಂತುಬಿಡುತ್ತೆ. ಇವರಿಗೆ ವಿಪರೀತ ಏರಿತ್ತು. ಊಟದಲ್ಲಿ ಏನಾದ್ರೂ ಬದಲಾಯಿಸಿದ್ರಾ?"

"ಉಪ್ಪು ಮಾತ್ರ ಬೇರೆ. ಬಿ.ಪಿ. ಇರೋರಿಗೆ ಒಳ್ಳೇದು ಅಂತ ಬರುತ್ತಲ್ಲ, ಸೋಡಿಯಂ ಕಮ್ಮಿ ಇರೋದು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಮ್ಮೇ ಇರುತ್ತೆ. ಬೇರೆಯವರಿಗೆ ತೊಂದರೆ ಇಲ್ಲ. ಇವರಿಗೆ ಕೊಡೋ ಮುಂಚೆ ಒಂದು ಮಾತು ಕೇಳಬೇಕಿತ್ತು."

ಕೇಳಬೇಕಿತ್ತೆಂದು ಅವಳಿಗೂ ಗೊತ್ತಿತ್ತು. ಆದರೆ ವರ್ಷವಿಡೀ ಸಪ್ಪೆ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದ ಗಂಡ, ತನ್ನ ಅಕ್ಕ ಆ ಉಪ್ಪಿನ ಪೊಟ್ಟಣ ತಂದ ದಿನ ಬೇಯಿಸಿದ ತರಕಾರಿಯನ್ನು ಬೆರಳು ನೆಕ್ಕಿ ಉಂಡು, "ಇವತ್ತು ಈ ಬಾಯಿ ನಂದೇ ಅನ್ನಿಸ್ತು ಕಣೇ" ಎಂದಿದ್ದ. ಕೇಳಿದರೆ ಬೇಡವೆಂದಾರು ಎಂದೇ ಅವಳು ಕೇಳಿರಲಿಲ್ಲ.

ಎಲ್ಲ ಮುಗಿಸಿ ಮನೆಗೆ ಬಂದ ಮೇಲೆ ಅತ್ತಿಗೆ ನೆರೆಯವರ ನಡುವೆ ಕೂತಳು. ತೀರಿಕೊಂಡವನಿಗೆ ಇವಳೊಬ್ಬಳೇ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

"ಸಪ್ಪೆ ಹಾಕಿ ಹಾಕಿ ನನ್ನ ತಮ್ಮನ್ನ ಒಣಗಿಸಿಬಿಟ್ಲು. ದನ ತಿನ್ನೋ ಹುಲ್ಲಿಗಾದ್ರೂ ಒಂದು ರುಚಿ ಇರುತ್ತೆ."

"ಡಾಕ್ಟರು ಹೇಳಿದ್ದು, ಅಕ್ಕ."

"ಹೇಳ್ತಾರೆ. ಅವರೇನು ಅದನ್ನ ಉಣ್ತಾರಾ? ಉಪ್ಪಿಗಿಂತ ರುಚಿಯಿಲ್ಲ ಅಂತ ಹಿರಿಯರು ಸುಮ್ಮನೆ ಅಂದ್ರಾ? ಅಂಗಡಿ ಅಂಗಡಿ ಅಲೆದು ನಾನು ಆ ಉಪ್ಪು ತಂದಿದ್ದಕ್ಕೆ, ಪಾಪ, ನಾಲ್ಕು ತುತ್ತು ಉಂಡು ಹೋದ. ನನಗೆ ಅದೊಂದೇ ಸಮಾಧಾನ."

ನೆರೆಯವರೆಲ್ಲ ಹೆಂಡತಿಯ ಕಡೆ ನೋಡಿದರು. ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಆ ಮುದಿಜೀವ ಅಲ್ಲೇ ಕುಸಿಯುತ್ತಿತ್ತು. ಕುಸಿಯಲಿ ಎಂದೂ ಒಂದು ಗಳಿಗೆ ಅನ್ನಿಸಿತು. ಅನ್ನ ಕೊಡುವವನೂ ದೇವರೇ, ಕಿತ್ತುಕೊಳ್ಳುವವನೂ ದೇವರೇ. ಬಡಿಸುವ ಕೈ ಮಾತ್ರ ತನ್ನದಾಗಿತ್ತು. ಅವಳು ಎದ್ದು ಅಡುಗೆಮನೆಗೆ ಹೋದಳು.

ಅತ್ತಿಗೆ ಹಿಂದೆಯೇ ಬಂದಳು. ದನಿ ಇಳಿದಿತ್ತು. "ಆ ಉಪ್ಪು ಮಿಕ್ಕಿದ್ರೆ ಕೊಡೇ. ಅವನು ಉಂಡಿದ್ದು. ಇನ್ಮೇಲೆ ನಾನೂ ಅದನ್ನೇ ಉಣ್ತೀನಿ."

ಅರ್ಧ ತುಂಬಿದ ಉಪ್ಪಿನ ಡಬ್ಬ ಹೆಂಡತಿಯ ಬೆನ್ನ ಹಿಂದೆಯೇ ಇತ್ತು. ಅವಳು ಅಲುಗಲಿಲ್ಲ.

"ಮುಗಿದುಹೋಯ್ತು, ಅಕ್ಕ."

"ಅಷ್ಟೂ ಉಂಡನಾ?"

"ಅಷ್ಟೂ ಉಂಡ್ರು. ಬೆರಳು ನೆಕ್ಕಿ."

ಅತ್ತಿಗೆ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಆ ಅಳುವಿನಲ್ಲಿ ಹಿಗ್ಗೂ ಇತ್ತು. ಅವಳು ಹೊರಗೆ ಹೋದ ಮೇಲೆ ಹೆಂಡತಿ ಉಪ್ಪನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟಳು. ಆಸ್ಪತ್ರೆಗೆ ಒಯ್ದಿದ್ದ ಊಟದ ಡಬ್ಬಿ ಅಲ್ಲೇ ಇತ್ತು. ಮುಚ್ಚಳ ತೆಗೆದು, ತಣ್ಣಗೆ ಗಟ್ಟಿಯಾದ ಗಂಜಿಯನ್ನು ನಿಂತುಕೊಂಡೇ ಒಂದು ತುತ್ತು ಬಾಯಿಗಿಟ್ಟಳು. ರುಚಿಯಾಗಿಯೇ ಇತ್ತು.

ಕಣ್ಣು ಮುಚ್ಚಿದಳು.

"ದೇವರೇ, ಅವರ ಜೀವಕ್ಕೆ ಶಾಂತಿ ಕೊಡು. ಬೆಳಗ್ಗೆ ಏನೂ ಉಂಡಿಲ್ಲ, ಹಸಿದೇ ನಿನ್ನ ಹತ್ತಿರ ಬಂದಿದ್ದಾರೆ."