ಚೆನ್ನಾಗಿದ್ದರೆ ಒಂದು ಒತ್ತಿ

ಪರದೆಯ ಮೂಲೆಯಲ್ಲಿ ಶಿಡ್ಲಘಟ್ಟದ ಚುಕ್ಕೆ ಕೆಂಪಾಯಿತು, ಎರಡು ಉಸಿರು ಹಾಗೇ ನಿಂತು ಮತ್ತೆ ಹಸಿರಾಯಿತು, ಕರೆಂಟು ಹೋಗಿ ಬಂತು ಅಷ್ಟೆ, ಪಾಪ ಅಲ್ಲಿನ ಸೆಂಟರಿನಲ್ಲಿ ನರ್ಸ್ ರೂಪ ಯಾರದೋ ಕಣ್ಣನ್ನು ಕ್ಯಾಮೆರಾಗೆ ಹಿಡಿದು ಕೂತಿರುತ್ತಾಳೆ, ಬೆಂಗಳೂರಿನ ಡಾಕ್ಟರು ಆ ಕಡೆಯಿಂದ ಹಲೋ ಹಲೋ ಅನ್ನುತ್ತಿರುತ್ತಾರೆ — ಚಿಕ್ಕಬಳ್ಳಾಪುರದ ಕಣ್ಣಾಸ್ಪತ್ರೆಯ ಮಹಡಿ ಕೋಣೆಯಲ್ಲಿ ಪದ್ಮಶ್ರೀ ಗಡಿಯಾರ ನೋಡಿದಳು, ಹತ್ತೂ ನಲವತ್ತು, ಹನ್ನೊಂದಕ್ಕೆ ಟ್ರಸ್ಟಿನ ಸುನೀಲ್‌ಕುಮಾರ್ ಸಾರ್ ಫೋನ್ ಮಾಡುತ್ತಾರೆ, ಮೂರು ಸಾಫ್ಟ್‌ವೇರುಗಳಿಗೆ ಹೂಂ ಅಥವಾ ಊಹೂಂ ಹೇಳಬೇಕು, ಒಂದು ಊರೂರಿನ ನಮ್ಮ ಸೆಂಟರುಗಳ ಲೈನ್ ನೋಡುವುದಕ್ಕೆ, ಒಂದು ಪೊರೆ ಆಪರೇಷನ್ ಆದವರಿಗೆ ಫೋನ್ ಮಾಡಿ ವಿಚಾರಿಸುವುದಕ್ಕೆ, ಇನ್ನೊಂದು ಫೇಸ್‌ಬುಕ್ಕಿನಲ್ಲಿ ಜನ ನಮ್ಮ ಬಗ್ಗೆ ಏನಾಡಿಕೊಳ್ಳುತ್ತಾರೆ ಎಂದು ಕದ್ದು ಕೇಳುವುದಕ್ಕೆ. ಮೊದಲನೆಯದಕ್ಕೆ ಯೋಚನೆಯೇ ಬೇಡ, ಹೂಂ, ಗೌರಿಬಿದನೂರಿನ ತಂತಿಗೆ ಕೋತಿ ಜೋತುಬಿದ್ದರೆ ಇಲ್ಲಿ ಗಂಟೆ ಹೊಡೆಯುತ್ತದೆ, ಚಿಂತಾಮಣಿಯಲ್ಲಿ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದರೆ ಆ ಕ್ಷಣವೇ ಹೇಳುತ್ತದೆ, ತಂತಿಗೆ ಸಂಕೋಚವಿಲ್ಲ, ಕೆಟ್ಟಿದ್ದರೆ ಕೆಟ್ಟಿದ್ದೇನೆ ಅನ್ನುತ್ತದೆ, ಮನುಷ್ಯರ ಹಾಗಲ್ಲ — ಬೇಡ, ಅಲ್ಲಿಗೆ ಈಗಲೇ ಹೋಗುವುದು ಬೇಡ, ಫೇಸ್‌ಬುಕ್ಕಿನದನ್ನು ನೋಡೋಣ. ವಾರದ ವರದಿ, ಹೊಗಳಿಕೆ ಹದಿನಾಲ್ಕು, ದೂರು ಸೊನ್ನೆ. ಹದಿನಾಲ್ಕರಲ್ಲಿ ಒಂದನ್ನು ನೆನ್ನೆ ಪೆರೇಸಂದ್ರದ ವೇಣು ಎಂಬುವನು ಬರೆದಿದ್ದಾನೆ, ಸೂಪರ್ ಆಸ್ಪತ್ರೆ ಗುರು, ನಮ್ಮಜ್ಜಿಗೆ ಒಂದೇ ಕಣ್ಣು ಸಾಕು ಅಂತ ಮಾಡಿಕೊಟ್ರು, ತುಂಬಾ ಥ್ಯಾಂಕ್ಸ್, ಕೊನೆಗೆ ಕೈಮುಗಿದ ಚಿತ್ರ — ಇದನ್ನೂ ಹೊಗಳಿಕೆಗೆ ಸೇರಿಸಿಕೊಂಡಿದೆ ಮುಂಡೇದು, ನಮ್ಮ ಕಡೆಯವರು ಬೈಯುವಾಗಲೇ ಮರ್ಯಾದೆ ಜಾಸ್ತಿ ಕೊಡುತ್ತಾರೆ ಎಂದು ಅದಕ್ಕೆ ಯಾರು ಹೇಳಬೇಕು, ಇದಕ್ಕೆ ಊಹೂಂ. ವೇಣುವಿನ ಅಜ್ಜಿ ಅಂದರೆ ಚಿಕ್ಕಮುನಿಯಮ್ಮ. ಬೇಡ ಬೇಡ ಅಂದರೂ ಹೆಸರು ಬಂದೇ ಬಂತು.

ಉಳಿದದ್ದು ಫೋನ್ ಮಾಡುವ ಸಾಫ್ಟ್‌ವೇರು, ಅದನ್ನು ಮಾರಲು ಬಂದಿದ್ದ ರಮೇಶ್‌ಬಾಬು ಇದೇ ಕುರ್ಚಿಯಲ್ಲಿ ಕೂತಿದ್ದ, ಗಂಟೆಗೆ ನಾನೂರು ಕಾಲ್ ಮೇಡಂ, ನಿಮ್ಮ ವಾಯ್ಸೇ ಹಾಕಣ, ಜನಕ್ಕೆ ಗುರುತಿರತ್ತೆ, ಫ್ಯಾನ್ ಆರಿಸಿ ಬೆವರುತ್ತ ಪದ್ಮಶ್ರೀ ರೆಕಾರ್ಡಿಂಗಿಗೆ ಮೂರು ಸಲ ಹೇಳಿದ್ದಳು, ನಮಸ್ಕಾರ, ನಾನು ಪದ್ಮಶ್ರೀ, ನಿಮ್ಮ ಕಣ್ಣು ಚೆನ್ನಾಗಿದ್ದರೆ ಒಂದು ಒತ್ತಿ, ತೊಂದರೆ ಇದ್ದರೆ ಎರಡು ಒತ್ತಿ, ಕೇಳಿದರೆ ರೇಡಿಯೋದವರ ಹಾಗೇ ಇತ್ತು, ಹೆಮ್ಮೆಯಾಗಿತ್ತು, ಸುಳ್ಳೇಕೆ. ಹನ್ನೆರಡು ವರ್ಷದಿಂದ ಆಪರೇಷನ್ ಆದವರಿಗೆಲ್ಲ ಫೋನ್ ಮಾಡುತ್ತಿದ್ದ ಕಲ್ಯಾಣಕ್ಕ ಮಗಳ ಬಾಣಂತನಕ್ಕೆ ರಜ ಹಾಕಿದ್ದರು, ಆ ಹತ್ತು ದಿನದಲ್ಲಿ ಪರೀಕ್ಷೆ ಮಾಡಿಬಿಡೋಣ ಎಂದು ಹೇಳಿದವಳು ತಾನೇ. ಕಲ್ಯಾಣಕ್ಕನಿಗೆ ಒಂದು ಕಾಲ್‌ಗೆ ಆರು ನಿಮಿಷ, ಏನ್ರೀ ಮಾತಾಡ್ತಾರೆ ಅಷ್ಟೊತ್ತು, ಸಂಬಂಧ ಕುದುರಿಸ್ತಾರಾ ಎಂದು ಸಾರ್ ನಕ್ಕಾಗ ತಾನೂ ನಕ್ಕಿದ್ದಳು, ಆದರೆ ಕಲ್ಯಾಣಕ್ಕ ಕಣ್ಣಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ, ಚಿಂತಾಮಣಿಯವರಾದರೆ ಬಾಗುನ್ನಾವಾ ಅವ್ವ ಎಂದು ತೆಲುಗಿನಲ್ಲೇ ಕ್ಷೇಮ ವಿಚಾರಿಸಿ ಶುರು, ಊಟ, ಮಳೆ, ಹಸು, ಆಮೇಲೆ ಮೆಲ್ಲಗೆ, ಇವತ್ತು ಅಕ್ಕಿ ಆರಿಸಿದ್ದು ಯಾರಮ್ಮ, ಶಿಡ್ಲಘಟ್ಟದ ರೇಷ್ಮೆ ಮನೆಯಾದರೆ ಹುಳಕ್ಕೆ ಸೊಪ್ಪು ಹಾಕಿದ್ಯಾರು, ಆಗ ಆ ಕಡೆಯಿಂದ, ಸೊಸೆ ಕಣಮ್ಮ, ನಂಗ್ಯಾಕೋ ಎರಡು ದಿನದಿಂದ ಮಂಜುಮಂಜು — ಹಾಂ, ನಾಳೆ ಮೊದಲ ಬಸ್ಸಿಗೇ ಬಂದ್ಬಿಡಿ ಅನ್ನುತ್ತಿದ್ದರು. ಯಂತ್ರ ನಲವತ್ತು ಜನಕ್ಕೆ ಫೋನ್ ಮಾಡಿತು, ಮೂವತ್ತೊಂಬತ್ತು ಜನ ಒಂದು ಒತ್ತಿದರು, ಒಬ್ಬರು ಎತ್ತಲಿಲ್ಲ, ಪರೀಕ್ಷೆ ಯಶಸ್ವಿ ಎಂದು ಶುಕ್ರವಾರವೇ ಸಾರ್‌ಗೆ ಬರೆದಳು. ಶನಿವಾರ ಚಿಕ್ಕಮುನಿಯಮ್ಮ ಬಂದರು.

ಆಪರೇಷನ್ ಆಗಿದ್ದ ಎಡಗಣ್ಣು ತೆರೆಯಲೇ ಆಗುತ್ತಿರಲಿಲ್ಲ, ರೆಪ್ಪೆ ಬಿಡಿಸಿದರೆ ಕೀವು, ಡಾಕ್ಟರು ನೋಡಿ ಮೂರು ದಿನ ಮುಂಚೆ ಬಂದಿದ್ದರೆ ಎಂದರು, ಆ ಕಣ್ಣಿಗೆ ಇನ್ನು ಬೆಳಕಿಲ್ಲ. ಹೊರಗೆ ಬೆಂಚಿನ ಮೇಲೆ ಪದ್ಮಶ್ರೀ ಪಕ್ಕದಲ್ಲಿ ಕೂತು ಕೇಳಿದ್ದಳು, ನೋವಿರಲಿಲ್ವಾ ಅಜ್ಜಿ, ಇತ್ತು ಕಣಮ್ಮ, ರಾತ್ರಿ ಎಲ್ಲ ನಿದ್ದೆ ಇಲ್ಲ, ಮತ್ತೆ ಬುಧವಾರ ಫೋನ್ ಬಂದಾಗ ಒಂದು ಒತ್ತಿದ್ರಲ್ಲಾ, ಅಜ್ಜಿ ಒಳ್ಳೆಯ ಕಣ್ಣಿನಿಂದ ನೋಡಿದರು, ನೀನೇ ಅಲ್ವೇನಮ್ಮ ಕೇಳಿದ್ದು, ಅಷ್ಟು ದೂರದಿಂದ ಫೋನ್ ಮಾಡಿ ಚೆನ್ನಾಗಿದೀಯಾ ಅಂತ ಕೇಳ್ದೋರಿಗೆ ಮಾತು ತೆಗೆದಂಗೇ ಚೆನ್ನಾಗಿಲ್ಲ ಅಂತಾರಾ ಯಾರಾದ್ರೂ, ಚೆನ್ನಾಗಿದೀನಿ ಅಂತ ಒತ್ತಿದೆ, ಇನ್ನೇನಾದ್ರೂ ಕೇಳ್ತೀಯ, ಆಗ ಹೇಳಣ ಅಂತ ಕಿವಿಗೇ ಇಟ್ಕೊಂಡಿದ್ದೆ, ನೀನೇ ಇಟ್ಬಿಟ್ಟೆ. ಹೇಗೆ ಒತ್ತಿದ್ದು ಎಂದು ತೋರಿಸಿದರು, ಬಲಗೈ ಹೆಬ್ಬೆರಳನ್ನು ಬೆಂಚಿನ ಹಲಗೆಗೆ ಊರಿ, ಮೇಷ್ಟ್ರಿಗೆ ಪಾಠ ಒಪ್ಪಿಸುವ ಮಗುವಿನ ಹಾಗೆ — ಆ ಹೆಬ್ಬೆರಳು ನೆನ್ನೆ ಅನ್ನ ಕಲಸುವಾಗ ಬಂತು, ಬೆಳಿಗ್ಗೆ ಬಸ್ಸಿನ ಟಿಕೆಟ್ಟಿಗೆ ಕೈ ಚಾಚಿದಾಗ ಬಂತು.

ಹತ್ತೂ ಐವತ್ತೆಂಟು. ಕಲ್ಯಾಣಕ್ಕ ನಾಳೆ ರಜ ಮುಗಿಸಿ ಬರುತ್ತಾರೆ, ಯಂತ್ರಕ್ಕೆ ಹೂಂ ಅಂದರೆ ಅವರಿಗೆ ಕುರ್ಚಿ ಇಲ್ಲ, ಊಹೂಂ ಅಂದರೆ ಯಾಕೆ ಎನ್ನುತ್ತಾರೆ ಸಾರ್, ನೀವೇ ಯಶಸ್ವಿ ಅಂತ ಬರೆದಿದೀರಲ್ಲ ಎನ್ನುತ್ತಾರೆ, ಆಗ ಅಜ್ಜಿಯ ಕಣ್ಣಿನ ಸುದ್ದಿ, ತನ್ನ ದನಿಯ ಸುದ್ದಿ ಎಲ್ಲ ಹೊರಗೆ ಬರಬೇಕು, ಕೆಲಸ ಹೋದರೂ ಹೋದೀತು, ಹೋಗಲಿ ಅನ್ನುವಷ್ಟು ಧೈರ್ಯವಿಲ್ಲ, ಭಯವಾಗುತ್ತಿದೆ, ಇಲ್ಲಿನ ಹಳ್ಳಿಗಳಲ್ಲಿ ಫೋನ್ ಎತ್ತಿ ಚೆನ್ನಾಗಿದೀನಿ ಎನ್ನುವವರು ಇನ್ನೂ ಎಷ್ಟು ಸಾವಿರ ಜನ — ಫೋನು. ಸಾರ್. ನಮಸ್ಕಾರ ಪದ್ಮಶ್ರೀ, ಹೇಗಿದೀರಾ, ಅಲ್ಲೆಲ್ಲಾ ಚೆನ್ನಾಗಿ ನಡೀತಿದೆ ತಾನೆ, ಚೆನ್ನಾಗಿದೆ ಸಾರ್, ಎಲ್ಲಾ ಚೆನ್ನಾಗಿದೆ, ಯೋಚನೆಗೆ ಮುಂಚೆ ಬಾಯಿ ಹೇಳಿ ಮುಗಿಸಿತ್ತು, ಗುಡ್ ಗುಡ್, ಹಾಗಾದ್ರೆ ಮೂರಕ್ಕೂ ಹೂಂ ಅಂದ್ಕೊಳ್ಳಲಾ, ಇನ್ನೇನು ಇಟ್ಟುಬಿಡುತ್ತಾರೆ, ಸಾರ್, ಇಡಬೇಡಿ ಸಾರ್, ಇಲ್ಲ, ಚೆನ್ನಾಗಿಲ್ಲ, ಏನು ಚೆನ್ನಾಗಿಲ್ಲ ಹೇಳಿ ಅಂದರು ಸಾರ್, ಹೇಳಬೇಕು, ಎಲ್ಲಿಂದ ಶುರು ಮಾಡುವುದು, ಬೆಂಚಿನ ಹಲಗೆ, ಹಲಗೆಯ ಮೇಲೆ ಹೆಬ್ಬೆರಳು, ಒತ್ತಿದ ಒತ್ತಡಕ್ಕೆ ಉಗುರು ಬೆಳ್ಳಗಾಗಿ, ಇನ್ನೂ ಎತ್ತದೆ, ಇನ್ನೇನಾದರೂ ಕೇಳುತ್ತಾರೆ ಎಂದು ಕಾಯುತ್ತ —