ಕುಂಕುಮ ಇಟ್ಟ ಬೋಲ್ಟು

ಈಗ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ಸ್ಕೂಟರು ನಾಳೆಯಿಂದ ಸ್ಟಾರ್ಟೇ ಆಗದಿರಲಿ.

ವಿಜಯದಶಮಿ ಬೆಳಿಗ್ಗೆ ರಾಮಕೃಷ್ಣನಗರದ ಮನೇಲಿ, ಆಯುಧಪೂಜೆಗೆ ಅಂತ ದೇವರ ಮುಂದೆ ಜೋಡಿಸಿದ್ದ ಸ್ಪಾನರುಗಳನ್ನ ಮೆಕ್ಯಾನಿಕ್ ಚಂದ್ರಮೌಳಿಯವರು ಒಂದೊಂದಾಗಿ ಎತ್ಕೋತಿದ್ರು. ಸೇವಂತಿಗೆ ಹೂವಿನ ಅಡಿಯಿಂದ ಒಂದು ಬೋಲ್ಟು ಉರುಳ್ಕೊಂಡು ಬಂತು. ಹೆಬ್ಬೆರಳಷ್ಟು ದಪ್ಪ. ತಲೆ ಮೇಲೆ ಅಚ್ಚುಕಟ್ಟಾಗಿ ಕುಂಕುಮ.

"ಸರ್ವಮಂಗಳಾ, ಇದೆಲ್ಲಿತ್ತೇ?"

"ಸೀಮೆಎಣ್ಣೆ ಡಬ್ಬೀಲಿ ನೆನೀತಿತ್ತು ಕಣ್ರೀ. ಪಾಪ, ಅದೊಂದಕ್ಕೆ ಯಾಕೆ ಪೂಜೆ ತಪ್ಪಬೇಕು ಅಂತ ತೊಳೆದು ಇಟ್ಟೆ," ಅಂದ್ರು ಅವರ ಹೆಂಡತಿ, ಯಾರೋ ಅನಾಥ ಮಗೂಗೆ ಊಟ ಹಾಕಿದವರ ಹಾಗೆ.

ಚಂದ್ರಮೌಳಿಯವರ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗಿಳೀತು.

ಹಿನಕಲ್ ಕಡೆಯ ಕಲ್ಯಾಣಮಂಟಪವೊಂದರ ಹುಲ್ಲು ಕತ್ತರಿಸೋ ಪುಟ್ಟ ಟ್ರ್ಯಾಕ್ಟರು ದಸರಾಕ್ಕೆ ಮುಂಚೆಯೇ ಅವರ ಶೆಡ್ಡಿಗೆ ಬಂದಿತ್ತು. ಇಂಜಿನ್ನು ಕಲ್ಲುಗುಂಡಿನ ಹಾಗಿತ್ತು, ಹಾಳಾಗಿದ್ದು ಡೆಕ್ಕು. ಡೆಕ್ಕು ಅಂದ್ರೆ ಗಾಡಿಯ ಹೊಟ್ಟೆ ಕೆಳಗೆ ಬೋರಲು ಹಾಕಿದ ದೊಡ್ಡ ಬಾಣಲೆ. ಅದರೊಳಗೆ ಮೊಳದುದ್ದದ ಮೂರು ಬ್ಲೇಡು ಫ್ಯಾನಿನ ಹಾಗೆ ಸುತ್ತುತ್ತವೆ. ಚಂದ್ರಮೌಳಿಯವರು ಅದರ ಒಳಗೆ ಗಟ್ಟಿಕಟ್ಟಿದ್ದ ಒಣಹುಲ್ಲನ್ನ ಉಳೀಲಿ ಕೆತ್ತಿ ತೆಗೆದ್ರು. ಪಕ್ಕದ ಬೀದಿಯ ಪುಟ್ಟತಾಯಮ್ಮನ ಹಸು ಅದನ್ನ ತಿಂದು, ವಾರವೆಲ್ಲ ಪೆಟ್ರೋಲ್ ವಾಸನೆಯ ಹಾಲು ಕೊಡ್ತು. ತುಕ್ಕು ತಿಂದ ಕಡೆ ತಗಡು ಬೆಸೆದು, ಬೇರಿಂಗ್ ಬದಲಾಯಿಸಿ, ಬ್ಲೇಡು ಸಾಣೆ ಹಿಡಿದು, ಹಸಿರು ಬಣ್ಣ ಹೊಡೆದ್ರು. ಕೆತ್ತಿದ ಹುಲ್ಲಿನ ಜೊತೆ ಒಂದು ಮಗುವಿನ ಚಪ್ಪಲಿಯ ಅರ್ಧ ಸಿಕ್ಕಿತ್ತು. ಬ್ರೆಡ್ ಕುಯ್ದ ಹಾಗೆ ನುಣ್ಣಗೆ ಕುಯ್ದದ್ದು. ಅದನ್ನ ಯಾರಿಗೂ ತೋರಿಸದೆ ದೂರ ಎಸೆದಿದ್ರು.

ನಡುವಿನ ಬ್ಲೇಡಿನ ಬೋಲ್ಟು ತುಕ್ಕು ಬಿಡಲಿ ಅಂತ ಸೀಮೆಎಣ್ಣೇಲಿ ಹಾಕಿ, ಬ್ಲೇಡನ್ನ ಗ್ರೀಸಿನ ಅಂಟಿಗೆ ಸುಮ್ಮನೆ ಸಿಕ್ಕಿಸಿ, ಆಯುಧಪೂಜೆ ದಿನ ಸ್ನಾನಕ್ಕೆ ಹೋದ್ರು. ನಮ್ಮ ಗಾಡಿಗೆ ನಮ್ಮ ಅಂಗಳದಲ್ಲೇ ಪೂಜೆ ಆಗಬೇಕು ಅಂತ ಮಂಟಪದ ಟೆಂಪೋ ಆಗಲೇ ಬಂತು. ಸರ್ವಮಂಗಳಾ ಬಣ್ಣ ಮುಟ್ಟಿ ನೋಡಿ, ಒಣಗಿದೆ, ತಗೊಂಡು ಹೋಗಿ ಅಂದ್ರು. ಸ್ನಾನ ಆಯ್ತು, ಪೂಜೆ ಆಯ್ತು, ಹೋಳಿಗೆ ಆಯ್ತು. ಹೋಳಿಗೆ ತಿಂದು ಮಲಗಿದವರಿಗೆ ಬೋಲ್ಟು ಎಲ್ಲಿ ನೆನಪಾಗುತ್ತೆ?

ಈಗ ನೆನಪಾಯ್ತು. ಫೋನಿಗೆ ಓಡಿದ್ರು. ಆ ಕಡೆ ಎತ್ತಿದ್ದು ಮಂಟಪ ನೋಡ್ಕೊಳ್ಳೋ ಗುರುಸಿದ್ದಯ್ಯನ ಹೆಂಡತಿ ತಿಮ್ಮಮ್ಮ.

"ನಾನಮ್ಮ, ಚಂದ್ರಮೌಳಿ. ಗುರುಸಿದ್ದಯ್ಯ ಎಲ್ಲಿ?"

"ಮಿಷನ್ ಮೇಲವ್ರೆ ಸಾಮಿ. ನಾಳೆ ಮದ್ವೆ ಅಲ್ವಾ, ಉಲ್ಲು ಒಡೀತಾವ್ರೆ."

"ನಿಲ್ಸೋಕೆ ಹೇಳಿ! ಈಗಲೇ!"

"ಏನ್ ಸಾಮಿ? ಮಿಷನ್ ಸದ್ದಿಗೆ ಕೇಳಾಕಿಲ್ಲ. ಹೆಣ್ಣಿನ್ ಕಡೆಯೋರ ಮಕ್ಳು ಬ್ಯಾರೆ ಗಾಡಿ ಇಂದಿಂದೆ ಓಡ್ತವೆ, ಇಡ್ಕಳಾಕೋಯ್ತೀನಿ. ಮಡಗ್ಲಾ?"

ಮಡಗಿಯೇ ಬಿಟ್ಲು.

ಊರಿಗೆ ಊರೇ ಜಂಬೂಸವಾರಿ ನೋಡೋಕೆ ಅರಮನೆ ಕಡೆ ಹೊರಟಿದ್ರೆ, ಚಂದ್ರಮೌಳಿಯವರು ಬೋಲ್ಟನ್ನ ಮುಷ್ಟೀಲಿ ಹಿಡ್ಕೊಂಡು ಪಂಚೆಯಲ್ಲೇ ಹಿನಕಲ್ ಕಡೆ ಹೊರಟ್ರು. ಸ್ಕೂಟರಿಗೆ ಕಟ್ಟಿದ್ದ ಬಾಳೆಕಂದು ಬಿಚ್ಚೋಕೂ ಪುರುಸೊತ್ತಿರಲಿಲ್ಲ. ಎಡಕ್ಕೊಂದು ಬಲಕ್ಕೊಂದು ಎಲೆ ಪಟಪಟ ಹೊಡ್ಕೊಳ್ತಿದ್ರೆ, ಯಾರೋ ಬಸ್ಸಿನಿಂದ, "ಸ್ವಾಮೀ, ಮದುವೆ ಚಪ್ಪರ ಹಾರಿಹೋಗ್ತಿದೆ!" ಅಂತ ಕೂಗಿದ್ರು. ಅವರಿಗೆ ಕೇಳಿಸಿದ್ದು ಬ್ಲೇಡಿನ ಸದ್ದು. ಕಳಚಿಹೋದ ಬ್ಲೇಡು ಎಷ್ಟು ದೂರ ಹೋಗುತ್ತೆ? ಮೊದಲ ಸರ್ಕಲ್ಲಿನಲ್ಲಿ ಅದು ಮಂಟಪದ ಕಾಂಪೌಂಡು ದಾಟಿತ್ತು. ಎರಡನೇದರಲ್ಲಿ ಮೊಣಕಾಲೆತ್ತರದಲ್ಲಿ, ಮಕ್ಕಳ ಎತ್ತರದಲ್ಲಿ ಹಾರ್ತಿತ್ತು. ಆಮೇಲೆ ಲೆಕ್ಕ ಹಾಕೋ ಧೈರ್ಯ ಆಗಲಿಲ್ಲ. ಕಣ್ಣ ಮುಂದೆ ಆ ಅರ್ಧ ಚಪ್ಪಲಿಯೊಂದೇ.

ಮಂಟಪದ ಗೇಟಿನ ಮುಂದೆ ನೆಲ ಕೆಂಪಗಿತ್ತು. ಕೆಂಪಿನ ನಡುವೆ ಬೆಳ್ಳಗೆ ಏನೋ ಹೋಳುಹೋಳಾಗಿ ಬಿದ್ದಿತ್ತು, ನೊಣ ಮುತ್ತಿತ್ತು.

ಸ್ಕೂಟರು ಕೈಜಾರಿ ಬಾಳೆಕಂದಿನ ಸಮೇತ ಮಲಗಿಬಿಡ್ತು. ಚಂದ್ರಮೌಳಿಯವರು ಕಾಲೆಳ್ಕೊಂಡು ಹತ್ತಿರ ಹೋಗಿ ಒಂದೇ ಕಣ್ಣು ಬಿಟ್ಟು ನೋಡಿದ್ರು. ಬೂದುಗುಂಬಳಕಾಯಿ. ನಿನ್ನೆ ಪೂಜೆ ಮುಗಿಸಿ, ಒಳಗೆ ಕುಂಕುಮ ತುಂಬಿ ಒಡೆದದ್ದು. ಅಂಥದ್ದೇ ಒಂದನ್ನ ತಮ್ಮ ಮನೆ ಮುಂದೆ ಈಗಷ್ಟೇ ತುಳ್ಕೊಂಡು ಬಂದಿದ್ರು.

ಆದ್ರೆ ಒಳಗೆ ಸದ್ದೇ ಇಲ್ಲ. ಮಿಷನ್ನಿನದ್ದೂ ಇಲ್ಲ, ಮಕ್ಕಳದ್ದೂ ಇಲ್ಲ. ಹುಲ್ಲುಹಾಸಿನ ಮಧ್ಯೆ ಟ್ರ್ಯಾಕ್ಟರು ನಿಂತಿತ್ತು, ಸೀಟು ಖಾಲಿ. ಅಂಚಿನಲ್ಲಿ ಗುರುಸಿದ್ದಯ್ಯನ ಚಪ್ಪಲಿ, ಕಾಲುಗಳಿಲ್ಲದೆ. ಗಾಡಿ ಹೋದ ದಾರಿಯಲ್ಲೆಲ್ಲ ಎರಡೂ ಪಕ್ಕ ನುಣ್ಣಗೆ ಬೋಳಿಸಿ, ನಡುವೆ ಜುಟ್ಟು ಬಿಟ್ಟ ಹಾಗೆ ಹುಲ್ಲು ಎದ್ದು ನಿಂತಿತ್ತು. ನಡುವಿನ ಬ್ಲೇಡು ಇರಲಿಲ್ಲ. ಹೋಗಿತ್ತು. ಎಲ್ಲಿಗೆ? ಯಾರೊಳಕ್ಕೆ?

"ಗುರುಸಿದ್ದಯ್ಯಾ!" ಅಂದ್ರು.

"ಏನ್ ಸಾಮಿ, ಪಂಚೇಲೇ ಬಂದ್ಬುಟ್ರಿ?"

ಅಡುಗೆಮನೆ ಕಡೆಯಿಂದ ಗುರುಸಿದ್ದಯ್ಯ ಕೋಸಂಬರಿ ಮೆಲ್ಲುತ್ತಾ ಬಂದ. ಹಿಂದೆ ಮಕ್ಕಳ ದಂಡು, ಎಲ್ಲರ ಕೈಯಲ್ಲೂ ದೊನ್ನೆ. ಪೂಜೆಯಾದ ಗಾಡಿಗೆ ಮೆಟ್ಟು ತಾಕಿಸಬಾರದು ಅಂತ ಅವನದು ಬರಿಗಾಲು. ಚಂದ್ರಮೌಳಿಯವರು ಮೊದಲು ಆ ಪಾದ ನೋಡಿದ್ರು. ಬೆರಳೆಲ್ಲ ಇದ್ವು.

"ಬ್ಲೇಡು... ನಡುವಿನ ಬ್ಲೇಡು ಎಲ್ಲಯ್ಯ?"

"ಅದಾ? ದೇವ್ರ ಮುಂದೈತೆ. ನೆನ್ನೆ ಕುಂಕುಮ ಇಡಾನ ಅಂತ ಅಡೀಗೆ ಕೈ ಆಕ್ದೆ. ಮುಟ್ಟಿದ್ದೇ ತಡ, ಕೈಗೇ ಬಂದ್ಬುಡ್ತು ಸಾಮಿ! ನಾವು ಅಡೀಗೆ ನುಗ್ಗಿ ಪೂಜೆ ಮಾಡೋ ಪಾಡು ಬ್ಯಾಡ ಅಂತ ಒಂದ್ನ ಬಿಚ್ಚೇ ಕಳ್ಸಿದ್ರಲ್ಲ, ಯಾವ್ ಮೆಕಾನಿಕ್ಕು ಇಷ್ಟು ಯೋಚ್ನೆ ಮಾಡ್ತಾನೆ? ಓನರ್ರು ಬಲೇ ಕುಸಿ ಪಟ್ರು. ಇವತ್ತಿನ ಮಂಗಳಾರತಿ ಆಗೋಗಂಟ ಮುಟ್ಬ್ಯಾಡ ಅಂದ್ಲು ತಿಮ್ಮಿ, ಅದಕ್ಕೇ ಎರಡ್ರಲ್ಲೇ ಒಡೀತಿದ್ದೆ."

ಚಂದ್ರಮೌಳಿಯವರು ಮುಷ್ಟಿ ಮುಂದೆ ಚಾಚಿ ಬಿಚ್ಚಿದ್ರು. ಬೆವರಿಗೆ ಕರಗಿದ ಕುಂಕುಮ ಅಂಗೈಯ ಗೆರೆಗಳಲ್ಲೆಲ್ಲ ಹರಿದು ಮಣಿಕಟ್ಟಿಗೆ ಇಳಿದಿತ್ತು.

"ಅದು ಪೂಜೆಗೆ ಅಂತಲ್ಲ ಕಣಯ್ಯ. ಈ ಬೋಲ್ಟು ನಾನು..."

ಒಳಗೆ ಗಂಟೆ ಹೊಡೀತು. "ತಡೀರಿ ಸಾಮಿ, ಮಂಗಳಾರತಿ! ಬ್ಲೇಡು ತಕ್ಕಬತ್ತೀನಿ," ಅಂತ ಗುರುಸಿದ್ದಯ್ಯ ಹೊರಟೇಹೋದ. ಮಕ್ಕಳೂ ಅವನ ಹಿಂದೆಯೇ ಓಡಿದ್ವು, ಒಂದು ಹುಡುಗಿ ಬಿಟ್ಟು. ಅವಳು ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ, ಕತ್ತರಿಸದೆ ಉಳಿದಿದ್ದ ಹುಲ್ಲಿನಲ್ಲಿ ಕೈಯಾಡಿಸಿ ಇನ್ನೊಂದನ್ನ ಹುಡುಕ್ತಿದ್ಲು.