ತೆಗೆದುಹಾಕಿದ ಒಂದು ಸಾಲು

ಬೆಳಿಗ್ಗೆಯಿಂದ ಹೆಣಿಗೆ ಯಂತ್ರ ಜಪ್ಪಯ್ಯ ಅಂದರೂ ಅಲುಗಾಡಿರಲಿಲ್ಲ. ಅದಕ್ಕೆ ಕಾರಣವೇನೆಂದು ಗಾಜಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಸೊಸೆಗೆ ಆಗಲೇ ಗೊತ್ತಾಗಿತ್ತು. ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಸ್ವೆಟರ್ ಹೆಣೆಯುವ ಆ ಕಾರ್ಖಾನೆಯನ್ನು ಕಟ್ಟಿದ್ದು ಮಾವ. ಈಗ ಯಜಮಾನಿಕೆ ಮಗನದು, ಅಂದರೆ ಅವಳ ಗಂಡನದು. ಮಾವನಿಗೆ ಈಚೆಗೆ ಕೈ ನಡುಗುತ್ತಿತ್ತು. ಹೋದ ತಿಂಗಳು ನೂಲಿನ ರಾಶಿಯ ಮೇಲೆ ಎಣ್ಣೆ ಚೆಲ್ಲಿಬಿಟ್ಟಿದ್ದರು. ಇನ್ನೊಂದು ಎಡವಟ್ಟಾದರೆ ಅಪ್ಪನನ್ನು ಮನೆಯಲ್ಲೇ ಕೂರಿಸುತ್ತೇನೆ ಎಂದು ಮಗ ಅಂದೇ ಹೇಳಿದ್ದ. ಯಂತ್ರಕ್ಕೆ ವಿನ್ಯಾಸ ಕಳಿಸುವ ಹಳೆಯ ಯುನಿಕ್ಸ್ ಕಂಪ್ಯೂಟರ್ ಸೊಸೆಯ ಸುಪರ್ದಿನಲ್ಲಿತ್ತು.

ಕಂಪ್ಯೂಟರ್ ಏಳಲು ತಡಮಾಡುತ್ತದೆಂದು ಹಿಂದಿನ ದಿನ ಅವಳು ಅದಕ್ಕೆ ಹೊಸ ಕರ್ನಲ್ ಸಿದ್ಧಪಡಿಸಿದ್ದಳು. ಕರ್ನಲ್ ಎಂಬ ಮೂಲ ಪ್ರೋಗ್ರಾಮು ಎಂದರೆ ಎಲ್ಲರಿಗಿಂತ ಮೊದಲು ಎದ್ದು ಮಿಕ್ಕವರನ್ನು ಎಬ್ಬಿಸುವ ಮನೆಯೊಡತಿ ಇದ್ದ ಹಾಗೆ. ಯಾವ ಭಾಗದೊಡನೆ ಹೇಗೆ ಮಾತಾಡಬೇಕೆಂದು ಅದಕ್ಕೆ ತಿಳಿಸುವುದು ಡ್ರೈವರ್‌ಗಳು. ಡ್ರೈವರ್ ಇಲ್ಲದ ಕಾರ್ಡು, ಅಂದರೆ ಹೊರಗಿನ ವೈರು ಸಿಕ್ಕಿಸುವ ಒಳಗಿನ ಹಲಗೆ, ಕಣ್ಣೆದುರಿಗಿದ್ದರೂ ಕರ್ನಲ್ಲಿನ ಪಾಲಿಗೆ ಇಲ್ಲವೇ ಇಲ್ಲ. ಬೇಡದ ಡ್ರೈವರ್‌ಗಳ ಸಾಲುಗಳನ್ನು ಅವಳು ಪಟ್ಟಿಯಿಂದ ಒಂದೊಂದಾಗಿ ತೆಗೆಯುತ್ತ ಹೋದಳು. ಅದರಲ್ಲೊಂದು ಎಂದೋ ಬಾಗಿಲು ಹಾಕಿದ ಕಂಪನಿಯ ಕಾರ್ಡಿನದು. ಓಬೀರಾಯನ ಕಾಲದ್ದು ಎಂದು ಅದನ್ನೂ ತೆಗೆದಳು. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ. "ನಡೀತಿರೋದನ್ನ ಯಾಕೆ ಕೆದಕ್ತೀಯ?" ಎಂದು ಗಂಡ ಕೇಳಿದ್ದಕ್ಕೆ, "ನನ್ನ ಕೆಲಸ ನನಗೆ ಗೊತ್ತು" ಎಂದು ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟಿದ್ದಳು. ಹೊಸ ಕರ್ನಲ್ ಚಕಚಕನೆ ಎದ್ದಿತು. ಅವಳು ತನ್ನ ಬೆನ್ನು ತಾನೇ ತಟ್ಟಿಕೊಂಡು, ಯಂತ್ರವನ್ನು ಒಮ್ಮೆಯೂ ಓಡಿಸಿ ನೋಡದೆ ಮನೆಗೆ ಹೋದಳು.

ಅದೇ ಸಂಜೆ ಮಾವ ಪೆಟ್ಟಿಗೆಯ ಹಿಂದೆ ಕೂತಿದ್ದ ನೂಲಿನ ಧೂಳನ್ನು ಬ್ರಶ್ಶಿನಿಂದ ಗುಡಿಸಿದ್ದರು.

"ಅಪ್ಪ, ನಿನ್ನೆ ಇದರ ಹಿಂದೆ ಕೈ ಹಾಕಿದ್ರಾ?" ಎಂದು ಮಗ ಈಗ ಕೇಳುತ್ತಿದ್ದ.

"ಎರಡು ವೈರು ಬಿಚ್ಚಿ ಸಿಕ್ಕಿಸಿದೆ ಕಣೋ. ಸರಿಯಾಗೇ ಸಿಕ್ಕಿಸಿದ್ದೆ ಅನ್ಸುತ್ತೆ."

"ಅನ್ಸುತ್ತೆ," ಎಂದ ಮಗ, ಅಷ್ಟೇ.

ಪರದೆಯ ಮೇಲೆ ಕಂಪ್ಯೂಟರ್ ಏಳುವಾಗ ಬಂದ ಸಾಲುಗಳಲ್ಲಿ ಆ ಓಬೀರಾಯನ ಕಾರ್ಡಿನ ಹೆಸರಿರಲಿಲ್ಲ. ಯಂತ್ರದ ವೈರು ಸಿಕ್ಕಿಸಿದ್ದು ಅದೇ ಕಾರ್ಡಿಗೆ. ನಿನ್ನೆ ಗಂಡನಿಗೆ ಕೊಟ್ಟ ಉತ್ತರ ತನಗೇ ತಿರುಗಿ ಬರುತ್ತದಲ್ಲ ಎಂದು ಸೊಸೆ ಬಾಯಿಗೆ ಬೀಗ ಹಾಕಿಕೊಂಡಳು. ಮಾವ ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡು, ಕಾರ್ಖಾನೆಯ ಕೀಲಿಕೈಯನ್ನು ಮಗನ ಮೇಜಿನ ಮೇಲಿಟ್ಟು ಮನೆಗೆ ಹೊರಟರು.

ಗಂಡನೂ ಆಚೆ ಹೋದ ಮೇಲೆ ಅವಳು ಕಂಪ್ಯೂಟರನ್ನು ಮತ್ತೆ ಎಬ್ಬಿಸಿದಳು. ಹೊಸದನ್ನು ಹಾಕುವಾಗ ಹಳೆಯ ಕರ್ನಲ್ಲನ್ನು ಬೇರೆ ಹೆಸರಿನಲ್ಲಿ ಎತ್ತಿಡುವುದು ಆ ಸಿಸ್ಟಮ್ಮಿನ ವಾಡಿಕೆ. ಆ ಹೆಸರನ್ನು ಟೈಪು ಮಾಡಿದ್ದೇ ತಡ, ಕಾರ್ಡಿನ ಸಾಲು ಮೂಡಿತು, ಯಂತ್ರ ಕಟಕಟ ಶುರುವಾಯಿತು. ಸದ್ದು ಕೇಳಿ ಗಂಡ ಓಡಿಬಂದ.

"ಏನಾಗಿತ್ತು?"

"ವೈರು ಸಡಿಲ ಆಗಿತ್ತು."

ವಿಷಯ ಅಲ್ಲಿಗೇ ಮುಗಿಯಲಿ ಎಂದು ಆಡಿದ ಮಾತು ಅದು. ಅದು ಯಾರ ತಲೆಯ ಮೇಲೆ ಬಿತ್ತೆಂದು ತಿಳಿಯುವಷ್ಟರಲ್ಲಿ ಗಂಡ ಫೋನಿನಲ್ಲಿ ಅಪ್ಪನಿಗೆ ಅದನ್ನೇ ಹೇಳುತ್ತಿದ್ದ.

ಮಧ್ಯಾಹ್ನ ಮನೆಯಲ್ಲಿ ಮಾವ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. "ಈ ಕೈ ಇನ್ನು ನಂಬೋ ಹಾಗಿಲ್ಲ ಕಣಮ್ಮ," ಎಂದರು. "ನೀನಿದ್ದೆ, ಪುಣ್ಯ. ಮಾನ ಉಳಿಸಿದೆ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ತಟ್ಟೆ ಸರಿಸಿ ಎದ್ದಳು. "ಮಾವ, ಚಪ್ಪಲಿ ಹಾಕ್ಕೊಳ್ಳಿ, ಹೋಗೋಣ."

ಗಾಜಿನ ಕೋಣೆಗೆ ಗಂಡನನ್ನೂ ಕರೆದಳು. ಇಬ್ಬರೂ ನೋಡುತ್ತಿರುವಂತೆ ಕಂಪ್ಯೂಟರನ್ನು ತನ್ನ ಹೊಸ ಕರ್ನಲ್ಲಿನಿಂದ ಎಬ್ಬಿಸಿದಳು, ಯಂತ್ರ ಸುಮ್ಮನಿತ್ತು. ಹಳೆಯದರಿಂದ ಎಬ್ಬಿಸಿದಳು, ಓಡಿತು. ವೈರುಗಳತ್ತ ಯಾರ ಕೈಯೂ ಹೋಗಿರಲಿಲ್ಲ.

"ಒಂದು ಸಾಲು ತೆಗೆದುಹಾಕಿದ್ದೆ. ತಪ್ಪು ನಂದು ಮಾವ. ಬೆಳಿಗ್ಗೆನೇ ಗೊತ್ತಿತ್ತು. ವೈರು ಅಂದಿದ್ದು ಸುಳ್ಳು."

ಗಂಡ ಅವಳನ್ನು ದಿಟ್ಟಿಸಿ ನೋಡಿದ. ಹೋಗಿ ಕೀಲಿಕೈ ತಂದು ಅಪ್ಪನ ಕೈಯಲ್ಲಿಟ್ಟ. ಮಾವ ಓಡುತ್ತಿದ್ದ ಯಂತ್ರವನ್ನು ನೋಡಿ ನಕ್ಕರು.

"ನಿನ್ನ ಕೈನೂ ನಡುಗುತ್ತೇನಮ್ಮ?"

ಅವಳು ಆ ಸಾಲನ್ನು ಮತ್ತೆ ಸೇರಿಸಿ ಕರ್ನಲ್ಲನ್ನು ಹೊಸದಾಗಿ ಸಿದ್ಧಪಡಿಸಿದಳು. ಈ ಸಲ ಯಂತ್ರ ಓಡುವುದನ್ನು ಕಣ್ಣಾರೆ ನೋಡಿಯೇ ಎದ್ದಳು. ಎಲ್ಲವೂ ಮೊದಲಿನಂತಾಯಿತು ಎಂದೇ ಅಂದುಕೊಂಡಳು.

ಮಾವ ಈಗಲೂ ದಿನಾ ಬರುತ್ತಾರೆ. ಮೊದಲೆಲ್ಲ ಯಾರನ್ನೂ ಕೇಳದೆ ಸೀದಾ ಒಳಗೆ ನುಗ್ಗುತ್ತಿದ್ದವರು, ಈಗ ಬ್ರಶ್ ಹಿಡಿದು ಗಾಜಿನ ಬಾಗಿಲ ಹೊರಗೇ ನಿಲ್ಲುತ್ತಾರೆ.

"ಮುಟ್ಲಾಮ್ಮ?"

"ನಿಮ್ಮದೇ ಅಲ್ವಾ ಮಾವ," ಎನ್ನುತ್ತಾಳೆ ಅವಳು. ಮಾರನೆಯ ದಿನ ಅವರು ಮತ್ತೆ ಕೇಳುತ್ತಾರೆ.